ಕುಲವೃಕ್ಷದ ಹೊರಗಿನ ರಣರಥಗಳು: ಗಣಕ ಯುದ್ಧಕ್ರೀಡೆಗಳಲ್ಲಿ ಭಾರತೀಯ ಟ್ಯಾಂಕುಗಳು

ಆಟಗಳ ಅಧ್ಯಯನವು ಜಾನಪದ ವಿದ್ವತ್ತಿಗೆ ಹೊಸದಲ್ಲ. ಚೌಕಾಬಾರ, ಅಳಗುಳಿಮಣೆ, ಆಡು-ಹುಲಿ ಮೊದಲಾದ ಆಟಗಳ ಮಣೆ, ಕಾಯಿ, ನಿಯಮ ಮತ್ತು ಪರಿಭಾಷೆಗಳನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಸಂಗ್ರಹ ಕಾರ್ಯ ನಡೆದಿದೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಗಣಕಯಂತ್ರದ ತೆರೆಯ ಮೇಲೆ ಬೆಳೆದುಬಂದ ಯುದ್ಧಕ್ರೀಡೆಗಳನ್ನು ಈ ದೃಷ್ಟಿಯಿಂದ ನೋಡುವ ಪ್ರಯತ್ನ ವಿರಳ. ಅವು ಕೇವಲ ಮನರಂಜನೆಯ ವ್ಯಾಪಾರವೆಂಬ ಗ್ರಹಿಕೆ ಇದಕ್ಕೆ ಕಾರಣವಾಗಿರಬಹುದು. ವಾಸ್ತವದಲ್ಲಿ ಈ ಕ್ರೀಡೆಗಳು ಲಕ್ಷಾಂತರ ಯುವಕರ ಪಾಲಿಗೆ ಇಪ್ಪತ್ತನೆಯ ಶತಮಾನದ ಯುದ್ಧಚರಿತ್ರೆಯ ಮೊದಲ ಪಠ್ಯಗಳಾಗಿವೆ. ಯಾವ ದೇಶಕ್ಕೆ ಯುದ್ಧಪರಂಪರೆಯಿದೆ, ಯಾವ ದೇಶ ಇನ್ನೊಂದರ ಕವಲು ಮಾತ್ರ ಎಂಬ ತೀರ್ಮಾನಗಳು ಅಲ್ಲಿ ಸದ್ದಿಲ್ಲದೆ ನಡೆದುಹೋಗುತ್ತವೆ. ಭಾರತೀಯ ಟ್ಯಾಂಕುಗಳನ್ನು ಇಂಥ ಆಟಗಳಿಗೆ ಸೇರಿಸಬೇಕೆಂಬ ಭಾರತೀಯ ಆಟಗಾರರ ಬೇಡಿಕೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಅಗತ್ಯ.

ಯುದ್ಧವನ್ನು ಆಟವಾಗಿಸುವ ಪರಂಪರೆ ಈ ನೆಲದಲ್ಲಿ ದೀರ್ಘವಾದುದು. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲಿಯೇ ಚತುರಂಗವನ್ನು ರಾಜವಿನೋದಗಳ ಸಾಲಿನಲ್ಲಿ ವಿವರಿಸಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಇಂಥ ಆಟಗಳಿಗಾಗಿಯೇ ಮೀಸಲಾಗಿದೆ. ಚತುರಂಗದ ಒಂದು ಲಕ್ಷಣವನ್ನು ಇಲ್ಲಿ ಗಮನಿಸಬೇಕು. ಅದರ ಆನೆ, ಕುದುರೆ, ರಥಗಳಿಗೆ ಬಲವಿದೆ, ನಡೆಯಿದೆ; ಕುಲವಿಲ್ಲ. ಎರಡೂ ಪಕ್ಷಗಳ ಸೇನೆ ಒಂದೇ ಅಳತೆಯದು. ಇದಕ್ಕೆ ವಿರುದ್ಧವಾಗಿ ಆಡು-ಹುಲಿ ಆಟದಲ್ಲಿ ಪಕ್ಷಗಳು ಅಸಮ: ಹುಲಿ ಕೆಲವೇ, ಆಡು ಹಲವು. ಬಲದ ಕೊರತೆಯನ್ನು ಅಲ್ಲಿ ಸಂಖ್ಯೆಯಿಂದ ತುಂಬಲಾಗಿದೆ. ಇಂದಿನ ಟ್ಯಾಂಕು ಕ್ರೀಡೆಗಳು ಆಡು-ಹುಲಿಯ ಸಮತೋಲನ ತತ್ತ್ವವನ್ನು ಬೇರೊಂದು ಬಗೆಯಲ್ಲಿ ಅನುಸರಿಸುತ್ತವೆ. ಪ್ರತಿಯೊಂದು ವಾಹನಕ್ಕೂ ಒಂದು ದರ್ಜೆಯನ್ನು ನಿಗದಿಪಡಿಸಿ, ಸಮೀಪದ ದರ್ಜೆಯವುಗಳನ್ನಷ್ಟೇ ಒಂದೇ ಕಣಕ್ಕೆ ಇಳಿಸುತ್ತವೆ. ಆದರೆ ಅವು ಕಾಯಿಗೆ ಕುಲವನ್ನೂ ಅಂಟಿಸಿದವು. ಹೊಸತನ ಇರುವುದು ಇಲ್ಲಿ.

ಬೆಲಾರೂಸಿನ ಮಿನ್ಸ್ಕ್ ನಗರದಲ್ಲಿ 1998ರಲ್ಲಿ ಆರಂಭವಾದ ವಾರ್‌ಗೇಮಿಂಗ್ ಸಂಸ್ಥೆಯು ‘ವರ್ಲ್ಡ್ ಆಫ್ ಟ್ಯಾಂಕ್ಸ್’ ಕ್ರೀಡೆಯನ್ನು 2010ರಲ್ಲಿ ರಷ್ಯನ್ ಭಾಷಿಕರಿಗೂ ಮರುವರ್ಷ ಯುರೋಪು ಮತ್ತು ಅಮೆರಿಕದವರಿಗೂ ಬಿಡುಗಡೆ ಮಾಡಿತು. ರಷ್ಯನ್ ಮೂಲದ ಗೈಜಿನ್ ಸಂಸ್ಥೆಯ ‘ವಾರ್ ಥಂಡರ್’ 2012ರಲ್ಲಿ ವಿಮಾನಗಳ ಆಟವಾಗಿ ತೊಡಗಿ 2014ರಲ್ಲಿ ಟ್ಯಾಂಕುಗಳನ್ನು ಸೇರಿಸಿಕೊಂಡಿತು. ಎರಡರ ರಚನೆಯೂ ಮೂಲತಃ ಒಂದೇ. ದೇಶಕ್ಕೊಂದು ವೃಕ್ಷ, ಬುಡದಲ್ಲಿ ಹಳೆಯ, ಹಗುರ ವಾಹನಗಳು, ಮೇಲೇರಿದಂತೆ ಅವುಗಳ ಸಂತತಿ. ಆಟಗಾರನು ಪೂರ್ವಜನನ್ನು ಗಳಿಸದೆ ವಂಶಜನನ್ನು ಪಡೆಯಲಾರ. ಕರ್ನಾಟಕದ ಹೆಳವರು ಎತ್ತಿನ ಮೇಲೆ ಊರೂರಿಗೆ ಬಂದು ಒಕ್ಕಲು ಮನೆತನಗಳ ಮೂಲಪುರುಷನಿಂದ ಹಿಡಿದು ಕವಲುಗಳವರೆಗೆ ವಂಶಾವಳಿಯನ್ನು ಹೇಳುವ ಕ್ರಮವನ್ನು ಬಲ್ಲವರಿಗೆ ಈ ವೃಕ್ಷ ಅಪರಿಚಿತವೆನಿಸದು. ಹೆಳವನ ಕಡತದಲ್ಲಿ ಹೆಸರಿಲ್ಲದ ಮನೆತನ ತನ್ನ ಹಿರಿಮೆಯನ್ನು ಬೇರೆ ಬಾಯಿಂದ ಹೇಳಿಸಿಕೊಳ್ಳಬೇಕಾಗುತ್ತದೆ.

ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಿ ಸೋವಿಯತ್ ಒಕ್ಕೂಟ, ಜರ್ಮನಿ, ಅಮೆರಿಕಗಳಿಗೆ ಮಾತ್ರವಲ್ಲ, ಜೆಕೊಸ್ಲೊವಾಕಿಯ, ಸ್ವೀಡನ್, ಪೋಲೆಂಡ್‌ಗಳಿಗೂ ಪ್ರತ್ಯೇಕ ವೃಕ್ಷಗಳು ದೊರೆತವು. ಭಾರತಕ್ಕೆ ದೊರೆತದ್ದು ಒಂದು ವಿಚಿತ್ರ ಸ್ಥಾನ. ಜರ್ಮನ್ ವೃಕ್ಷದ ಎಂಟನೆಯ ಹಂತದಲ್ಲಿ ‘ಇಂಡಿಯನ್ ಪಾಂಜರ್’ ಎಂಬ ಮಧ್ಯಮ ಟ್ಯಾಂಕೊಂದಿದೆ. ಜರ್ಮನ್ ಭಾಷೆಯಲ್ಲಿ ‘ಇಂಡೀನ್-ಪಾಂಜರ್’ ಎಂದರೆ ಭಾರತದ ಟ್ಯಾಂಕು ಎಂದೇ ಅರ್ಥ. 1950ರ ದಶಕದಲ್ಲಿ ಭಾರತಕ್ಕೆಂದು ಪೋರ್ಷೆ ಮೊದಲಾದ ಜರ್ಮನ್ ಸಂಸ್ಥೆಗಳು ರೂಪಿಸಿದ ಯೋಜನೆ ಅದು. ಕಾಗದವನ್ನು ದಾಟಿ ಬರಲಿಲ್ಲ. ಆಟದಲ್ಲಿ ಅದರಿಂದ ಮುಂದಿನ ಹೆಜ್ಜೆ ಜರ್ಮನಿಯ ಲೆಪರ್ಡ್ ಟ್ಯಾಂಕಿನ ಮೂಲ ಮಾದರಿ. ಎಂದೂ ಹುಟ್ಟದ ಟ್ಯಾಂಕಿಗೆ ಭಾರತದ ಹೆಸರು, ಜರ್ಮನಿಯ ಧ್ವಜ. ಲಾಹೋರ್ ಮತ್ತು ಸಿಯಾಲ್‌ಕೋಟ್ ರಂಗಗಳಲ್ಲಿ ನಿಜವಾಗಿ ಹೋರಾಡಿದ ಭಾರತೀಯ ಟ್ಯಾಂಕುಗಳಿಗೆ ಸ್ವಂತ ಗಿಡವೇ ಇಲ್ಲ. ವಾರ್ ಥಂಡರ್‌ನಲ್ಲಿ ‘ಭೀಷ್ಮ’ ಎಂಬ ಭಾರತೀಯ ಹೆಸರಿನೊಡನೆ ಟಿ-90 ಟ್ಯಾಂಕು ಪ್ರವೇಶಿಸಿತು. ರಷ್ಯದಲ್ಲಿ ವಿನ್ಯಾಸಗೊಂಡು ತಮಿಳುನಾಡಿನ ಆವಡಿಯಲ್ಲಿ ತಯಾರಾಗುವ ಈ ವಾಹನವನ್ನು ಇರಿಸಿದ್ದು ಬ್ರಿಟನ್ನಿನ ವೃಕ್ಷದಲ್ಲಿ. ಈ ಟ್ಯಾಂಕಿನ ಜನ್ಮದಲ್ಲಿಯಾಗಲಿ ಜೀವನದಲ್ಲಿಯಾಗಲಿ ಬ್ರಿಟನ್ನಿನ ಪಾತ್ರವಿಲ್ಲ. 1947ರ ಹಿಂದಿನ ಆಡಳಿತ ಸಂಬಂಧವೊಂದೇ ಇದಕ್ಕೆ ಆಧಾರವೆಂದು ಭಾವಿಸಬೇಕಾಗುತ್ತದೆ. ಇದನ್ನು ಕಂಪನಿಯ ದುರುದ್ದೇಶವೆನ್ನುವುದಕ್ಕಿಂತ ವೃಕ್ಷವೆಂಬ ರೂಪಕದ ಮಿತಿ ಎನ್ನುವುದೇ ಸೂಕ್ತ. ದಕ್ಷಿಣ ಆಫ್ರಿಕದ ವಾಹನಗಳೂ ಅದೇ ಬ್ರಿಟಿಷ್ ವೃಕ್ಷದ ಕವಲಾಗಿವೆ, ಫಿನ್ಲೆಂಡಿನವು ಸ್ವೀಡನ್ನಿನ ಕವಲಾಗಿವೆ.

ಹಾಗಾದರೆ ಭಾರತೀಯ ಟ್ಯಾಂಕಿನ ನಿಜವಾದ ವಂಶಾವಳಿ ಯಾವುದು? ಈ ಪ್ರಶ್ನೆಗೆ ಚರಿತ್ರೆ ನೀಡುವ ಉತ್ತರ ಯಾವ ವೃಕ್ಷದಲ್ಲಿಯೂ ಸುಲಭವಾಗಿ ಹಿಡಿಯುವಂಥದಲ್ಲ. ಸ್ವಾತಂತ್ರ್ಯದ ಸಮಯದಲ್ಲಿ ಭಾರತದ ಪಾಲಿಗೆ ಬಂದದ್ದು ಅಮೆರಿಕ ನಿರ್ಮಿತ ಸ್ಟುವರ್ಟ್ ಮತ್ತು ಶರ್ಮನ್ ಟ್ಯಾಂಕುಗಳು. ಮುಂದೆ ಬ್ರಿಟನ್ನಿನಿಂದ ಸೆಂಚುರಿಯನ್, ಫ್ರಾನ್ಸಿನಿಂದ ಎಎಂಎಕ್ಸ್-13, ಸೋವಿಯತ್ ಒಕ್ಕೂಟದಿಂದ ಪಿಟಿ-76, ಟಿ-55, ಟಿ-72ಗಳು ಬಂದವು. 1961ರಲ್ಲಿ ಬ್ರಿಟನ್ನಿನ ವಿಕರ್ಸ್ ಸಂಸ್ಥೆಯೊಡನೆ ಒಪ್ಪಂದವಾಗಿ, ಅದರ ವಿನ್ಯಾಸದ ಟ್ಯಾಂಕು ಆವಡಿಯ ಭಾರೀ ವಾಹನ ಕಾರ್ಖಾನೆಯಲ್ಲಿ ‘ವಿಜಯಂತ’ ಎಂಬ ಹೆಸರಿನಿಂದ ತಯಾರಾಗತೊಡಗಿತು. 105 ಮಿಲಿಮೀಟರಿನ ಫಿರಂಗಿಯನ್ನು ಹೊತ್ತ, ಸುಮಾರು 39 ಟನ್ ತೂಕದ ಈ ವಾಹನ 2,200ರಷ್ಟು ಸಂಖ್ಯೆಯಲ್ಲಿ ನಿರ್ಮಾಣಗೊಂಡಿತು. ಇಷ್ಟು ವಿಸ್ತಾರವಾಗಿ ಬಳಕೆಯಾದ ವಾಹನವನ್ನು ವಿಕರ್ಸ್‌ನ ಒಂದು ರೂಪಾಂತರವೆಂದು ಮಾತ್ರ ಕರೆಯುವುದು ತಯಾರಿಕೆಯ ಚರಿತ್ರೆಯನ್ನು ವಿನ್ಯಾಸದ ಚರಿತ್ರೆಯೊಳಗೆ ಮುಳುಗಿಸಿದಂತೆ.

ಸಮಸ್ಯೆ ಇನ್ನೂ ಜಟಿಲವಾಗುವುದು ಸಂಕರ ರೂಪಗಳಲ್ಲಿ. ಹಳೆಯ ಅಮೆರಿಕನ್ ಶರ್ಮನ್‌ಗಳಿಗೆ ಭಾರತದಲ್ಲಿ ಫ್ರೆಂಚ್ ಮತ್ತು ಸೋವಿಯತ್ ಮೂಲದ ಫಿರಂಗಿಗಳನ್ನು ಕೂಡಿಸಲಾಯಿತು. ಸೋವಿಯತ್ ಟಿ-55ರ ಒಡಲಿಗೆ ಬ್ರಿಟಿಷ್ ಮೂಲದ 105 ಮಿಲಿಮೀಟರ್ ಫಿರಂಗಿ ಬಂತು. ವಿಜಯಂತದ ಅಡಿಗಟ್ಟನ್ನು ಉದ್ದಮಾಡಿ ಅದರ ಮೇಲೆ ಸೋವಿಯತ್ ಒಕ್ಕೂಟದ 130 ಮಿಲಿಮೀಟರ್ ತೋಪನ್ನು ಕೂರಿಸಿದ್ದು ‘ಕ್ಯಾಟಪುಲ್ಟ್’. ಶೀತಲ ಸಮರದ ಎರಡು ಬಣಗಳು ಯುರೋಪಿನಲ್ಲಿ ಎದುರುಬದುರಾಗಿ ನಿಂತಿದ್ದ ಕಾಲದಲ್ಲಿ ಅವುಗಳ ಆಯುಧಗಳು ಇಲ್ಲಿ ಒಂದೇ ಒಡಲಾಗಿದ್ದವು. ಅಲಿಪ್ತ ನೀತಿಯನ್ನು ವಿವರಿಸುವ ರಾಜನೀತಿ ಗ್ರಂಥಗಳಿಗಿಂತ ಈ ಒಂದು ವಾಹನ ಹೆಚ್ಚು ಮಾತಾಡುತ್ತದೆ. ಆದರೆ ದೇಶಾಧಾರಿತ ವೃಕ್ಷದಲ್ಲಿ ಇಂಥದಕ್ಕೆ ಎಡೆಯಿಲ್ಲ.

ಇಲ್ಲಿ ಹೆಸರುಗಳ ವಿಚಾರ ಪ್ರಸ್ತುತವಾಗುತ್ತದೆ. ಟಿ-90ಕ್ಕೆ ಭೀಷ್ಮ, ಭಾರತದಲ್ಲಿ ತಯಾರಾದ ಟಿ-72ಕ್ಕೆ ಅಜೇಯ, 1974ರಲ್ಲಿ ಮಂಜೂರಾದ ದೇಶೀಯ ಯೋಜನೆಗೆ ಅರ್ಜುನ ಎಂಬ ಹೆಸರುಗಳು ಬಂದವು. ಟಿ-72ರ ಒಡಲಿಗೆ ಅರ್ಜುನದ ಗೋಪುರವನ್ನು ಜೋಡಿಸಿದ ಪ್ರಾಯೋಗಿಕ ಟ್ಯಾಂಕೊಂದು ಈ ಶತಮಾನದ ಆರಂಭದಲ್ಲಿ ಸಿದ್ಧವಾಗಿ, ಸೇನೆಗೆ ಸೇರದೆ ಉಳಿಯಿತು. ಅದರ ಹೆಸರು ಕರ್ಣ. ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಯಲ್ಲಿ ಬೆಳೆದ ವೀರನ ಹೆಸರು ಎರಡು ಮೂಲಗಳ ಈ ವಾಹನಕ್ಕೆ ಸಂದದ್ದು ಆಕಸ್ಮಿಕವೇ ಇರಬಹುದು. ಹೆಸರಿಟ್ಟವರ ಮನಸ್ಸನ್ನು ತರ್ಕಿಸುವುದು ಅನಗತ್ಯ. ಅಸ್ತ್ರವಿದ್ಯಾ ಪ್ರದರ್ಶನದ ರಂಗದಲ್ಲಿ ಅರ್ಜುನನಿಗೆ ಎದುರಾಗಿ ನಿಂತ ಕರ್ಣನನ್ನು ಕೃಪಾಚಾರ್ಯನು ಮೊದಲು ಕೇಳಿದ್ದು ಕುಲವನ್ನು. ಪಂಪ, ಕುಮಾರವ್ಯಾಸರಿಂದ ಹಿಡಿದು ಬಯಲಾಟದ ಭಾಗವತರವರೆಗೆ ಕನ್ನಡ ಪರಂಪರೆ ಈ ಸನ್ನಿವೇಶವನ್ನು ಮತ್ತೆ ಮತ್ತೆ ಕಟ್ಟಿಕೊಂಡಿದೆ. ಗಣಕದ ಕ್ರೀಡಾರಂಗದ ಬಾಗಿಲಲ್ಲಿ ನಿಂತ ಭಾರತೀಯ ಟ್ಯಾಂಕಿಗೂ ಅದೇ ಪ್ರಶ್ನೆ ಎದುರಾಗಿದೆ: ಯಾರ ಮಗ?

2010ರ ಮಾರ್ಚ್ ತಿಂಗಳಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ಅರ್ಜುನ ಮತ್ತು ಟಿ-90 ಟ್ಯಾಂಕುಗಳ ತುಲನಾತ್ಮಕ ಪರೀಕ್ಷೆ ನಡೆಯಿತು. ಅದಾದ ಕೆಲವೇ ತಿಂಗಳಲ್ಲಿ ಇನ್ನೂ 124 ಅರ್ಜುನಗಳ ಬೇಡಿಕೆ ಘೋಷಣೆಯಾಯಿತು. ಭೀಷ್ಮನಿಗೆ ಎದುರಾಗಿ ಅರ್ಜುನ ಎಂಬ ಮಾತು ಪತ್ರಿಕೆಗಳಿಗೆ ಸಿದ್ಧವಾಗಿಯೇ ಸಿಕ್ಕಿತು. ಪುರಾಣದ ಹೆಸರು ಹೊತ್ತ ಯಂತ್ರ ಪುರಾಣದ ಕಥನವನ್ನೂ ತನ್ನೊಡನೆ ಎಳೆದುತರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಹೆಸರಿನ ಪ್ರಯಾಣ ಹಿಮ್ಮುಖವಾಗಿಯೂ ನಡೆದಿದೆ. ಕಾರ್ಗಿಲ್ ಯುದ್ಧದಲ್ಲಿ 1999ರ ಜೂನ್ ತಿಂಗಳಲ್ಲಿ ವೀರಮರಣವನ್ನಪ್ಪಿದ ಕ್ಯಾಪ್ಟನ್ ವಿಜಯಂತ್ ಥಾಪರ್ ಅವರಿಗೆ ಆ ಹೆಸರು ಬಂದದ್ದು ವಿಜಯಂತ ಟ್ಯಾಂಕಿನಿಂದ. ಯಂತ್ರಕ್ಕೆ ವೀರನ ಹೆಸರಿಡುವ ರೂಢಿಯೊಳಗೆ ಯಂತ್ರದ ಹೆಸರನ್ನು ಮಗುವಿಗಿಟ್ಟ ಈ ಪ್ರಸಂಗ ನಾಮಕರಣದ ಅಧ್ಯಯನಕಾರರ ಗಮನಕ್ಕೆ ಬರಬೇಕಾದುದು. ‘ಟ್ಯಾಂಕು’ ಎಂಬ ಪದದ ಕಥೆಯೂ ಸ್ವಾರಸ್ಯಕರವೇ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಯನ್ನು ಸೂಚಿಸುವ ಪದವು ಇಂಗ್ಲಿಷಿಗೆ ಹೋಗಿ, ಮೈಸೂರು ಸಂಸ್ಥಾನದ ಆಡಳಿತ ವರದಿಗಳಲ್ಲಿ ಕೆರೆಗೆ ಪರ್ಯಾಯವಾಯಿತೆಂಬುದು ಹಲವು ನಿಘಂಟುಕಾರರ ಅಭಿಪ್ರಾಯ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಹೊಸ ಯಂತ್ರದ ಗುಟ್ಟನ್ನು ಕಾಯಲು ಅದನ್ನು ನೀರಿನ ತೊಟ್ಟಿಯೆಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ರಣರಂಗದಲ್ಲಿ ಅದು ಮೊದಲು ಕಾಣಿಸಿಕೊಂಡ ಮೇಲೆ ಗುಟ್ಟಿನ ಹೆಸರೇ ನಿಜವಾದ ಹೆಸರಾಗಿ ನಿಂತಿತು.

ಆಟಕ್ಕೆ ಟ್ಯಾಂಕೊಂದನ್ನು ಸೇರಿಸುವುದೆಂದರೆ ಅದರ ಚಿತ್ರವನ್ನು ಬರೆದು ಓಡಾಡಿಸುವುದಷ್ಟೇ ಅಲ್ಲ. ಕವಚದ ದಪ್ಪ ಎಲ್ಲೆಲ್ಲಿ ಎಷ್ಟು, ಅದರ ವಾಲಿಕೆ ಎಷ್ಟು, ಗುಂಡು ಎಷ್ಟು ದಪ್ಪದ ಉಕ್ಕನ್ನು ಭೇದಿಸುತ್ತದೆ, ಫಿರಂಗಿ ಎಷ್ಟು ಕೆಳಗೆ ಬಾಗುತ್ತದೆ, ಗುಂಡು ತುಂಬಲು ಎಷ್ಟು ಕ್ಷಣ ಬೇಕು, ಟನ್ನಿಗೆ ಎಷ್ಟು ಅಶ್ವಶಕ್ತಿ ಎಂಬ ಎಲ್ಲ ವಿವರಗಳನ್ನು ಅಂಕಿಗಳಲ್ಲಿ ಕೊಡಬೇಕು. ಇದಕ್ಕಾಗಿ ಆಟಗಾರರೇ ಕೈಪಿಡಿ, ಛಾಯಾಚಿತ್ರ, ಸಂಗ್ರಹಾಲಯದ ಅಳತೆಗಳನ್ನು ಕೂಡಿಹಾಕಿ ಸಂಸ್ಥೆಯ ಮುಂದಿಡುವ ಪದ್ಧತಿ ಬೆಳೆದಿದೆ. ಕ್ಷೇತ್ರಕಾರ್ಯದ ಶಿಸ್ತಿಗೆ ಹೋಲಿಸಬಹುದಾದ ಶ್ರಮ ಇದು. ಈ ಉತ್ಸಾಹಕ್ಕೆ ಅಪಾಯದ ಮುಖವೂ ಇದೆ. 2021ರಲ್ಲಿ ವಾರ್ ಥಂಡರ್‌ನ ಆಟಗಾರನೊಬ್ಬನು ಬ್ರಿಟನ್ನಿನ ಚಾಲೆಂಜರ್-2 ಟ್ಯಾಂಕನ್ನು ಆಟದಲ್ಲಿ ತಪ್ಪಾಗಿ ರೂಪಿಸಲಾಗಿದೆಯೆಂದು ಸಾಧಿಸಲು ಸೇನೆಯ ಕೈಪಿಡಿಯ ಪುಟಗಳನ್ನೇ ಬಹಿರಂಗಪಡಿಸಿದನು. ಬೇರೆ ದೇಶಗಳ ಟ್ಯಾಂಕುಗಳ ವಿಷಯದಲ್ಲಿಯೂ ಇಂಥವು ಮರುಕಳಿಸಿದವು. ಗೌಪ್ಯ ದಾಖಲೆಗಳನ್ನು ಬಳಸುವುದಿಲ್ಲವೆಂಬುದು ಸಂಸ್ಥೆಯ ಘೋಷಿತ ನಿಲುವು. ಅರ್ಜುನದ ಮಟ್ಟಿಗೆ ಇದು ನೇರ ತೊಡಕು. ಅದರ ‘ಕಾಂಚನ್’ ಕವಚಕ್ಕೆ ಆ ಹೆಸರು ಬಂದದ್ದು ಹೈದರಾಬಾದಿನ ಕಾಂಚನಬಾಗಿನಿಂದ. ಅಲ್ಲಿನ ರಕ್ಷಣಾ ಲೋಹಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ ಆ ಕವಚದ ಒಳರಚನೆ ರಹಸ್ಯ. ತೂಕ 58.5 ಟನ್, ಎಂಜಿನ್ 1,400 ಅಶ್ವಶಕ್ತಿ, ಫಿರಂಗಿ 120 ಮಿಲಿಮೀಟರ್ ಎಂಬಂಥ ಹೊರಮೈ ಅಂಕಿಗಳು ಎಲ್ಲರಿಗೂ ಲಭ್ಯ. ಆಟದಲ್ಲಿ ಸೋಲುಗೆಲುವನ್ನು ನಿರ್ಧರಿಸುವ ಅಂಕಿ ಮಾತ್ರ ಅಲಭ್ಯ. ಅದನ್ನು ಊಹೆಯಿಂದ ತುಂಬಿದರೆ ಆ ಊಹೆಯೇ ಮುಂದೆ ಜನರ ಬಾಯಲ್ಲಿ ಸತ್ಯವಾಗಿ ಉಳಿಯುವ ಸಂಭವವಿದೆ.

ಅಂಕಿಗಳು ದೊರೆತರೂ ಯುದ್ಧ ದೊರೆಯುತ್ತದೆಯೇ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಸ್ಟುವರ್ಟ್ ಟ್ಯಾಂಕು ಈ ಆಟಗಳಲ್ಲಿ ಬುಡದ ಹಂತದ್ದು. ಹೊಸಬರು ಕಲಿತು ಬಿಟ್ಟುಹೋಗುವ ವಾಹನ. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಮಾರ್ಗದಲ್ಲಿ ಏಳನೆಯ ಲಘು ಅಶ್ವದಳದ ಸ್ಟುವರ್ಟ್‌ಗಳು ಸುಮಾರು 3,500 ಮೀಟರ್ ಎತ್ತರದಲ್ಲಿ ಕಾಣಿಸಿಕೊಂಡಾಗ ಎದುರಾಳಿಗಳ ಬಳಿ ಅವುಗಳಿಗೆ ಉತ್ತರವಿರಲಿಲ್ಲ. ಗೋಪುರಗಳನ್ನು ಕಳಚಿ, ಗುಟ್ಟಾಗಿ ಸಾಗಿಸಿ, ಹಿಮದ ಹಾದಿಯಲ್ಲಿ ಅವುಗಳನ್ನು ಮೇಲೆ ತಂದ ಈ ಸಾಹಸದ ಹಿಂದೆ ಇದ್ದವರು ಕೊಡಗಿನ ಮಡಿಕೇರಿಯವರಾದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ದಳದ ನಾಯಕತ್ವ ವಹಿಸಿದವರು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರೆಂಬುದು ಅವರ ಜೀವನವೃತ್ತಾಂತಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಲೇಹ್‌ಗೆ ಹೋಗುವ ದಾರಿ ತೆರೆದದ್ದು ಹೀಗೆ. ಆ ಎತ್ತರದಲ್ಲಿ ಟ್ಯಾಂಕು ಬರಲಾರದೆಂಬ ನಂಬಿಕೆಯೇ ಅಂದು ಸೋತದ್ದು. ನಂಬಿಕೆಗೆ ಆಟದ ಕೋಷ್ಟಕದಲ್ಲಿ ಕಲಮಿಲ್ಲ.

1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣದ ಬಳಿ ನಡೆದ ಅಸಲ್ ಉತ್ತರ್ ಕಾಳಗ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಅಂಕಿಗಳ ಲೆಕ್ಕದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಭಾರತದ ಶರ್ಮನ್ ಮತ್ತು ಎಎಂಎಕ್ಸ್-13ಗಳಿಗಿಂತ ಎಷ್ಟೋ ಮೇಲು. ಸರಿಜೋಡಿಯೆನ್ನಬಹುದಾದುದು ಸೆಂಚುರಿಯನ್ ಒಂದೇ. ಭಾರತೀಯ ಪಡೆ ಕುದುರೆ ಲಾಳದ ಆಕಾರದಲ್ಲಿ ಕಬ್ಬಿನ ಗದ್ದೆಗಳ ನಡುವೆ ಅಡಗಿ ಕುಳಿತು, ಗದ್ದೆಗಳಿಗೆ ನೀರು ಹಾಯಿಸಿತು. ನಾಲ್ವತ್ತಕ್ಕೂ ಹೆಚ್ಚು ಟನ್ನಿನ ಪ್ಯಾಟನ್‌ಗಳು ಕೆಸರಿನಲ್ಲಿ ಹೂತುಹೋದವು. ನಾಶವಾದ ಮತ್ತು ಸೆರೆಸಿಕ್ಕ ಪಾಕಿಸ್ತಾನಿ ಟ್ಯಾಂಕುಗಳು 97 ಎಂಬುದು ಭಾರತದ ಕಡೆಯ ಲೆಕ್ಕ. ಅವುಗಳನ್ನು ಸಾಲಾಗಿ ನಿಲ್ಲಿಸಿದ ಭಿಖೀವಿಂಡ್ ಬಳಿಯ ಜಾಗ ‘ಪ್ಯಾಟನ್ ನಗರ’ವೆನಿಸಿತು. ಊರಿನ ಹೆಸರಿಗೆ ‘ತಕ್ಕ ಉತ್ತರ’ ಎಂಬ ಅರ್ಥವನ್ನು ಜನ ಹಚ್ಚಿದ್ದು ಲೋಕನಿರುಕ್ತಿಯ ಸಹಜ ವ್ಯಾಪಾರ. ರೈತನ ಕಾಲುವೆ ಮತ್ತು ಕಬ್ಬು ಈ ಗೆಲುವಿನ ಪಾಲುದಾರರು. ತೆರೆಯ ಮೇಲಿನ ಪ್ಯಾಟನ್ ಮಾತ್ರ ಕೆಸರಿನ ಭಯವಿಲ್ಲದೆ ಶರ್ಮನ್ನನ್ನು ದೂರದಿಂದಲೇ ಮುಗಿಸುತ್ತದೆ.

ಆದರೆ ಜನಸ್ಮೃತಿಯನ್ನು ಆಟಕ್ಕೆದುರಾಗಿ ನಿಲ್ಲಿಸಿ ಹೊಗಳುವುದೂ ಏಕಪಕ್ಷೀಯವಾದೀತು. ಅಸಲ್ ಉತ್ತರ್ ಎಂದೊಡನೆ ಜನ ನೆನೆಯುವುದು ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್‌ಗಳನ್ನು ಹೊಡೆದು ಮಡಿದ, ಪರಮವೀರಚಕ್ರ ಪುರಸ್ಕೃತ ಅಬ್ದುಲ್ ಹಮೀದ್ ಒಬ್ಬರನ್ನು. ಅಲ್ಲಿ ಹೋರಾಡಿದ ಡೆಕ್ಕನ್ ಹಾರ್ಸ್, ಮೂರನೆಯ ಅಶ್ವದಳ, ಎಂಟನೆಯ ಲಘು ಅಶ್ವದಳಗಳ ಟ್ಯಾಂಕು ಸಿಬ್ಬಂದಿ ಸ್ಮೃತಿಯಿಂದ ಬಹುಮಟ್ಟಿಗೆ ಜಾರಿಹೋಗಿದ್ದಾರೆ. ವೀರಗಲ್ಲಿನ ಶಿಲ್ಪಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವನ್ನು ಕೆತ್ತಿದರೂ ಮೇಲಿನ ಪಟ್ಟಿಕೆಗೆ ಏರಿಸುವುದು ಒಬ್ಬ ವೀರನನ್ನೇ. 1971ರ ನವೆಂಬರ್‌ನಲ್ಲಿ ಪೂರ್ವ ಬಂಗಾಳದ ಗರೀಬ್‌ಪುರದಲ್ಲಿ 45ನೆಯ ಅಶ್ವದಳದ ಹಗುರ ಪಿಟಿ-76ಗಳು ನಡೆಸಿದ ಯಶಸ್ವೀ ಕಾಳಗಕ್ಕೆ ಜನಸ್ಮೃತಿಯಲ್ಲಿಯೂ ಎಡೆ ಕಡಿಮೆ, ಆಟದಲ್ಲಿಯೂ ಇಲ್ಲ. ಅದೇ ವರ್ಷ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಉರಿಯುತ್ತಿದ್ದ ಟ್ಯಾಂಕನ್ನು ಬಿಡಲೊಪ್ಪದೆ ಮಡಿದ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲರ ಸೆಂಚುರಿಯನ್ನಿಗೆ ‘ಫಾಮಗುಸ್ತಾ’ ಎಂಬ ಹೆಸರಿತ್ತು. ಸೈಪ್ರಸ್ ದ್ವೀಪದ ಬಂದರೊಂದರ ಹೆಸರು. 2024ರಲ್ಲಿ ಅಹಿಲ್ಯಾನಗರವೆಂದು ಮರುನಾಮಕರಣಗೊಂಡ ಅಹ್ಮದ್‌ನಗರದಲ್ಲಿ ಆ ಟ್ಯಾಂಕನ್ನು ಸಂರಕ್ಷಿಸಲಾಗಿದೆ. ಆಟದಲ್ಲಿ ಸಾವಿರಾರು ಸೆಂಚುರಿಯನ್‌ಗಳಿವೆ. ಫಾಮಗುಸ್ತಾ ಇರುವುದು ಒಂದೇ. ಯಂತ್ರವು ಮಾದರಿಯಾಗಿ ಉಳಿಯುವುದಕ್ಕೂ ವ್ಯಕ್ತಿಯಾಗಿ ಉಳಿಯುವುದಕ್ಕೂ ಇರುವ ಅಂತರ ಇದು. ಭಾರತೀಯ ವೃಕ್ಷ ಬೇಕೆನ್ನುವವರು ಬೇಡುತ್ತಿರುವುದು ಬಹುಶಃ ಎರಡನೆಯದನ್ನು; ಆಟ ಕೊಡಬಲ್ಲದ್ದು ಮೊದಲನೆಯದನ್ನು.

ಹಾಗೆಂದು ಬೇಡಿಕೆಯನ್ನು ನಿರರ್ಥಕವೆನ್ನಲಾಗದು. ಭಾರತೀಯರೇ ರೂಪಿಸಿದ ಯುದ್ಧಕ್ರೀಡೆಗಳು ಈ ಕೊರತೆಯನ್ನು ತುಂಬಿಲ್ಲ. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ 2021ರ ಜನವರಿ 26ರಂದು ಬಿಡುಗಡೆ ಮಾಡಿದ ‘ಫೌ-ಜಿ’ ಆಟವು ಗಾಲ್ವಾನ್ ಕಣಿವೆಯ ಘರ್ಷಣೆಯನ್ನು ವಸ್ತುವಾಗಿ ಆರಿಸಿಕೊಂಡಿತು. ಅದರಲ್ಲಿದ್ದದ್ದು ಮುಖ್ಯವಾಗಿ ಕೈಕೈ ಹೋರಾಟ. 2020ರ ಜೂನ್ ತಿಂಗಳ ಆ ಘಟನೆಯಲ್ಲಿ ಬಂದೂಕು ಬಳಕೆಯಾಗದಿದ್ದುದರಿಂದ ಅದು ಸಹಜವೇ. ಟ್ಯಾಂಕುಗಳಂಥ ಯಂತ್ರಗಳ ತಾಂತ್ರಿಕ ಚರಿತ್ರೆಯನ್ನು ಆಟವಾಗಿಸುವ ಕೆಲಸಕ್ಕೆ ಬೇಕಾದ ದಾಖಲೆಗಳ ಸಂಗ್ರಹ ಇಲ್ಲಿ ಸಾರ್ವಜನಿಕರಿಗೆ ತೆರೆದಿರುವುದು ಅತ್ಯಲ್ಪ. ಅಹ್ಮದ್‌ನಗರದಲ್ಲಿ 1994ರಲ್ಲಿ ಆರಂಭವಾದ ಅಶ್ವದಳ ಟ್ಯಾಂಕು ಸಂಗ್ರಹಾಲಯ ಈ ದಿಕ್ಕಿನಲ್ಲಿ ಬಹುಮುಖ್ಯವಾದ ಸಂಸ್ಥೆ. ಆವಡಿಯ ಕಾರ್ಮಿಕರ, ಸಿಬ್ಬಂದಿಯ, ದುರಸ್ತಿಗಾರರ ಮೌಖಿಕ ಚರಿತ್ರೆಯ ಸಂಗ್ರಹವಾದರೆ ವಿಜಯಂತಕ್ಕೆ ಸಂಬಂಧಿಸಿದ ಎಷ್ಟೋ ಸಂಗತಿಗಳು ಉಳಿದಾವು. ಅದನ್ನು ಓಡಿಸಿದ ತಲೆಮಾರು ಈಗ ನಿವೃತ್ತಿಯನ್ನು ದಾಟಿ ವೃದ್ಧಾಪ್ಯದಲ್ಲಿದೆ.

2024ರ ಜುಲೈ ತಿಂಗಳಲ್ಲಿ ಗುಜರಾತಿನ ಹಜೀರಾದಲ್ಲಿ ‘ಜೋರಾವರ್’ ಎಂಬ ಹಗುರ ಟ್ಯಾಂಕನ್ನು ಪ್ರದರ್ಶಿಸಲಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ಲಾರ್ಸನ್ ಆ್ಯಂಡ್ ಟೂಬ್ರೊದೊಡನೆ ಸೇರಿ ಲಡಾಖಿನ ಎತ್ತರಕ್ಕೆಂದು ನಿರ್ಮಿಸಿದ ವಾಹನವಿದು. ಹೆಸರು 1841ರಲ್ಲಿ ಟಿಬೆಟ್ಟಿನ ಮೇಲೆ ದಂಡೆತ್ತಿಹೋದ ಡೋಗ್ರಾ ಸೇನಾನಿ ಜೋರಾವರ್ ಸಿಂಗನದು. ಭಾರತೀಯ ಟ್ಯಾಂಕುಗಳ ನಾಮಾವಳಿ ಮಹಾಭಾರತದಿಂದ ಇಳಿದು ಹತ್ತೊಂಬತ್ತನೆಯ ಶತಮಾನದ ಚರಿತ್ರೆಗೆ ಬಂದಿರುವುದು ಇಲ್ಲಿ ಗೋಚರಿಸುತ್ತದೆ. ಮೊದಲ ಮಾದರಿಯ ಎಂಜಿನ್ ಅಮೆರಿಕದ ಕಮಿನ್ಸ್ ಸಂಸ್ಥೆಯದು, 105 ಮಿಲಿಮೀಟರ್ ಫಿರಂಗಿಯ ಗೋಪುರ ಬೆಲ್ಜಿಯಂನ ಜಾನ್ ಕಾಕರಿಲ್ ಸಂಸ್ಥೆಯದು, ಒಡಲು ಭಾರತದ್ದು. ಬ್ರಿಟನ್ನಿನ ಕವಲಿಗೂ ರಷ್ಯದ ಕವಲಿಗೂ ಇದನ್ನು ಸೇರಿಸಲು ಈ ಬಾರಿ ಯಾವ ನೆಪವೂ ಇಲ್ಲ.